ಕಣ್ಣಿಗೆ ಒಂದೇ ಊರು, ಜಾವಾಕ್ಕೆ ಎರಡು

ಹೋದ ಸಂಚಿಕೆಯಲ್ಲಿ ಜಾವಾ ಪ್ರೋಗ್ರಾಮಿಂಗ್ ಕಲಿಯುತ್ತಿರುವವರು ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆ. ಪತ್ರಗಳು ಬಂದವು. ಲೂಪು, ಕ್ಲಾಸು, ಇನ್‌ಹೆರಿಟೆನ್ಸು ಅಂತ ದೊಡ್ಡ ದೊಡ್ಡ ಪ್ರಶ್ನೆ ಬರುತ್ತವೆ ಅಂದುಕೊಂಡಿದ್ದೆ, ಆದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆಯಿಂದ ಬಂದ ಹೆಚ್ಚಿನ ಪತ್ರಗಳು ಒಂದೇ ವಿಷಯದ ಸುತ್ತ ಇವೆ: ಸ್ಟ್ರಿಂಗ್. ಎರಡು ಕೋಟ್ ಚಿಹ್ನೆಗಳ ನಡುವೆ ಬರೆಯುವ ಅಕ್ಷರಗಳ ಸಾಲು, ಅಷ್ಟೇ. ಮೊದಲ ವಾರದಲ್ಲೇ ಕಲಿತು ಮುಗಿಸಿದೆವು ಅಂದುಕೊಳ್ಳುತ್ತೇವೆ, ಆಮೇಲೆ ವರ್ಷಗಟ್ಟಲೆ ಕಾಡುತ್ತದೆ. ಹಾಗಾಗಿ ಈ ಸಲ ಪೂರ್ತಿ ಅದೇ.

ಒಂದು ಮಾತು. ಇಲ್ಲಿ ಟ್ರಿಮ್, ಈಕ್ವಲ್ಸ್ ಅಂತೆಲ್ಲ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ, ಇಲ್ಲದಿದ್ದರೆ ಕಂಪೈಲರ್ ಬೈಯುತ್ತದೆ.

ಪ್ರಶ್ನೆ: ಹೆಸರಿನ ಹಿಂದೆಮುಂದೆ ಇರುವ ಖಾಲಿ ಜಾಗ ತೆಗೆಯಲು ಟ್ರಿಮ್ ಬಳಸಿದೆ. ಎರರ್ ಏನೂ ಬರಲಿಲ್ಲ. ಆದರೆ ಪ್ರಿಂಟ್ ಮಾಡಿದರೆ ಖಾಲಿ ಜಾಗ ಹಾಗೇ ಇದೆ! ನಾನು ಬರೆದ ಸಾಲು: ಹೆಸರು.ಟ್ರಿಮ್(), ಇದರಲ್ಲಿ ತಪ್ಪೇನಿದೆ?
— ಡಿಪ್ಲೊಮಾ ವಿದ್ಯಾರ್ಥಿನಿ, ತಿಪಟೂರು

ಉತ್ತರ: ತಪ್ಪು ಆ ಸಾಲಿನಲ್ಲಿ ಇರುವುದರಲ್ಲಿಲ್ಲ, ಇಲ್ಲದಿರುವುದರಲ್ಲಿದೆ. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿದ್ದೀರಿ ಅಂದುಕೊಳ್ಳಿ. ಪಹಣಿ ಕೊಟ್ಟು, ಸ್ವಲ್ಪ ಚಿಕ್ಕದು ಮಾಡಿ ಕಾಪಿ ತೆಗೀರಿ ಅಂದಿರಿ. ಅವನು ತೆಗೆದ. ನೀವು ಆ ಕಾಪಿಯನ್ನು ಕೌಂಟರ್ ಮೇಲೇ ಬಿಟ್ಟು, ಹಳೆ ಪಹಣಿ ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಬಂದು, ಇದು ಚಿಕ್ಕದೇ ಆಗಿಲ್ಲವಲ್ಲ ಅಂತ ಕೇಳುತ್ತಿದ್ದೀರಿ.

ಜಾವಾದ ಸ್ಟ್ರಿಂಗ್ ಒಮ್ಮೆ ಹುಟ್ಟಿದ ಮೇಲೆ ಬದಲಾಗುವುದಿಲ್ಲ. ಟ್ರಿಮ್ ಆಗಲಿ, ಟು ಅಪ್ಪರ್‌ಕೇಸ್ ಆಗಲಿ, ರಿಪ್ಲೇಸ್ ಆಗಲಿ, ಯಾವುದೂ ನಿಮ್ಮ ಕೈಯಲ್ಲಿರುವ ಸ್ಟ್ರಿಂಗನ್ನು ಮುಟ್ಟುವುದಿಲ್ಲ. ಎಲ್ಲವೂ ಹೊಸದೊಂದನ್ನು ಮಾಡಿ ಕೈಗೆ ಕೊಡುತ್ತವೆ. ನೀವು ಕೈಚಾಚಿ ತೆಗೆದುಕೊಳ್ಳಬೇಕು: ಹೆಸರು = ಹೆಸರು.ಟ್ರಿಮ್(), ಇಷ್ಟೇ ವ್ಯತ್ಯಾಸ. ತೆಗೆದುಕೊಳ್ಳದಿದ್ದರೆ ಜಾವಾ ಸುಮ್ನೆ ಇರುತ್ತದೆ, ಯಾಕೆಂದರೆ ಉತ್ತರ ಬಿಸಾಡುವುದು ಅದರ ಲೆಕ್ಕದಲ್ಲಿ ಅಪರಾಧವಲ್ಲ. ಎರರ್ ಬಾರದೆ ಇದ್ದದ್ದಕ್ಕೆ ಕಾರಣ ಇದೇ.

ಯಾಕೆ ಹೀಗೆ ಮಾಡಿಟ್ಟಿದ್ದಾರೆ ಅಂತ ಕೇಳುತ್ತೀರಿ ಅಂತ ಗೊತ್ತು. ನೀವು ಪ್ರೋಗ್ರಾಮಿನಲ್ಲಿ ಹತ್ತು ಕಡೆ "ತಿಪಟೂರು" ಅಂತ ಕೋಟ್ ಹಾಕಿ ಬರೆದರೂ ಜಾವಾ ಮೆಮೊರಿಯಲ್ಲಿ ಒಂದೇ ಒಂದು "ತಿಪಟೂರು" ಇಟ್ಟುಕೊಂಡು ಹತ್ತೂ ಕಡೆಗೆ ಅದನ್ನೇ ತೋರಿಸುತ್ತದೆ. ಇದಕ್ಕೆ ಸ್ಟ್ರಿಂಗ್ ಪೂಲ್ ಅಂತ ಹೆಸರು. ಒಬ್ಬರು ಅದನ್ನು ತಿದ್ದುವ ಹಾಗಿದ್ದರೆ ಉಳಿದ ಒಂಬತ್ತು ಕಡೆಯೂ ಊರಿನ ಹೆಸರು ಕೆಟ್ಟುಹೋಗುತ್ತಿತ್ತು, ಅಲ್ವಾ? ತಿದ್ದಲು ಬಿಡದೆ ಇರುವುದರಿಂದಲೇ ಹಂಚಿಕೊಳ್ಳಲು ಧೈರ್ಯ.

ಪ್ರಶ್ನೆ: ಬಳಕೆದಾರರು "ಗುಬ್ಬಿ" ಅಂತ ಟೈಪ್ ಮಾಡಿದರೂ ನನ್ನ ಇಫ್ ಒಳಗೆ ಹೋಗುತ್ತಿಲ್ಲ. == ಹಾಕಿದ್ದೇನೆ. ಅದೇ ಕೋಡಿನಲ್ಲಿ ನಾನೇ "ಗುಬ್ಬಿ" ಅಂತ ಬರೆದು ಹೋಲಿಸಿದರೆ ಸರಿಯಾಗಿ ಬರುತ್ತದೆ. ತಲೆ ಕೆಟ್ಟಿದೆ.
— ಬಿಸಿಎ ಎರಡನೇ ವರ್ಷ, ಗುಬ್ಬಿ

ಉತ್ತರ: ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದಿರುತ್ತೀರಿ. ನಿಮ್ಮ ಮುಂದೆ ಒಂದು ತಟ್ಟೆ, ಗೆಳೆಯನ ಮುಂದೆ ಇನ್ನೊಂದು. ಇಬ್ಬರದೂ ಒಂದೇ ಇಡ್ಲಿ, ಒಂದೇ ಬೆಣ್ಣೆ, ಒಂದೇ ಚಟ್ನಿ. == ಕೇಳುವುದು "ಇದು ಅದೇ ತಟ್ಟೆಯಾ?" ಅಂತ. ಈಕ್ವಲ್ಸ್ ಕೇಳುವುದು "ತಟ್ಟೆಯಲ್ಲಿ ಇರುವುದು ಒಂದೇನಾ?" ಅಂತ. ನಿಮಗೆ ಬೇಕಾದದ್ದು ಎರಡನೆಯ ಪ್ರಶ್ನೆ.

ನೀವೇ ಬರೆದ ಎರಡು "ಗುಬ್ಬಿ"ಗಳು ಮೇಲೆ ಹೇಳಿದ ಪೂಲ್‌ನಿಂದ ಬಂದವು, ಒಂದೇ ತಟ್ಟೆ, ಹಾಗಾಗಿ == ಕೂಡ ನಿಜ ಅಂದುಬಿಟ್ಟಿತು. ಕೀಬೋರ್ಡಿನಿಂದ ಜಾವಾದ ಸ್ಕ್ಯಾನರ್ ಕ್ಲಾಸ್ ಓದಿ ತಂದದ್ದು ಹೊಸ ತಟ್ಟೆ. ಈ ದೋಷದ ಕೆಟ್ಟತನ ಇರುವುದೇ ಇಲ್ಲಿ: ನೀವು ಪರೀಕ್ಷೆ ಮಾಡುವಾಗ ಸರಿ, ಬೇರೆಯವರು ಬಳಸುವಾಗ ತಪ್ಪು. ಸ್ಟ್ರಿಂಗ್ ಹೋಲಿಸುವಾಗ ಯಾವಾಗಲೂ ಈಕ್ವಲ್ಸ್.

ಇನ್ನೊಂದು ಸಣ್ಣ ಚಾಳಿ ಬೆಳೆಸಿಕೊಳ್ಳಿ. ಊರು.ಈಕ್ವಲ್ಸ್("ಗುಬ್ಬಿ") ಅನ್ನುವ ಬದಲು "ಗುಬ್ಬಿ".ಈಕ್ವಲ್ಸ್(ಊರು) ಅಂತ ತಿರುಗಿಸಿ ಬರೆಯಿರಿ. ಊರು ಅನ್ನುವುದರಲ್ಲಿ ಏನೂ ಇಲ್ಲದೆ ನಲ್ ಇದ್ದರೆ ಮೊದಲನೆಯದು ನಲ್ ಪಾಯಿಂಟರ್ ಎಕ್ಸೆಪ್ಶನ್ ಎಸೆದು ನಿಂತುಬಿಡುತ್ತದೆ. ಎರಡನೆಯದು ಸಮಾಧಾನವಾಗಿ "ಅಲ್ಲ" ಅನ್ನುತ್ತದೆ.

ಪ್ರಶ್ನೆ: ಈಕ್ವಲ್ಸೇ ಬಳಸಿದ್ದೇನೆ, ಟ್ರಿಮ್ ಕೂಡ ಮಾಡಿದ್ದೇನೆ. ಆದರೂ ಒಂದೇ ಊರಿನ ಹೆಸರು ವರದಿಯಲ್ಲಿ ಎರಡು ಸಾಲಾಗಿ ಬರುತ್ತದೆ. ಅಕ್ಷರ ಅಕ್ಷರ ಹೋಲಿಸಿ ನೋಡಿದೆ, ವ್ಯತ್ಯಾಸವೇ ಇಲ್ಲ.
— ಅಕೌಂಟ್ಸ್ ನೋಡಿಕೊಳ್ಳುವವರು, ಕೋಲಾರ

ಉತ್ತರ: ನಿಮ್ಮ ಪತ್ರ ನೋಡಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಇದೇ ದೋಷ ನನ್ನ ಒಂದು ಇಡೀ ಸಂಜೆಯನ್ನು ತಿಂದಿದೆ, ಅದೂ ನಿಮ್ಮ ಊರಿನಲ್ಲೇ.

ಪರಿಚಯದವರೊಬ್ಬರ ಟೊಮೆಟೊ ಮಂಡಿಗೆ ಸಣ್ಣದೊಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಕೋಲಾರದ ಟೊಮೆಟೊ ಮಾರುಕಟ್ಟೆ ಎಷ್ಟು ದೊಡ್ಡದು ಅಂತ ನಿಮಗೆ ಹೇಳಬೇಕಿಲ್ಲ. 15 ಕೆಜಿ ಕ್ರೇಟುಗಳು, ಯಾವ ಊರಿನಿಂದ ಎಷ್ಟು ಕ್ರೇಟು ಬಂತು ಅಂತ ದಿನದ ಕೊನೆಗೆ ಒಂದು ಪಟ್ಟಿ. ಹ್ಯಾಶ್‌ಮ್ಯಾಪ್‌ನಲ್ಲಿ (ಕೀಲಿ ಕೊಟ್ಟರೆ ಅದರ ಮೌಲ್ಯ ಕೊಡುವ ಪಟ್ಟಿ) ಊರಿನ ಹೆಸರೇ ಕೀಲಿ, ಕ್ರೇಟಿನ ಸಂಖ್ಯೆ ಅದರ ಮೌಲ್ಯ. ಮೊದಲ ದಿನವೇ ಪಟ್ಟಿಯಲ್ಲಿ "ಕೋಲಾರ" ಎರಡು ಸಲ ಬಂತು. ಮಂಡಿಯವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಇದೇನು ಸ್ವಾಮಿ, ಕೋಲಾರ ಯಾವಾಗ ಎರಡಾಯ್ತು?" ಅಂದರು.

ಮೊದಲು ಲೆಂಗ್ತ್ ಪ್ರಿಂಟ್ ಮಾಡಿದೆ. ಒಂದು ಕೋಲಾರದ ಉದ್ದ 5, ಇನ್ನೊಂದರದು 7! ಆಗ ಕಣ್ಣನ್ನು ನಂಬುವುದು ಬಿಟ್ಟೆ. ಒಂದು ಲೂಪ್ ಹಾಕಿ, ಚಾರ್ ಅಟ್‌ನಿಂದ ಒಂದೊಂದೇ ಅಕ್ಷರ ತೆಗೆದು, ಅದನ್ನು ಇಂಟ್ ಮಾಡಿ ಸಂಖ್ಯೆ ಪ್ರಿಂಟ್ ಮಾಡಿದೆ. ಮೊದಲನೆಯದು: 3221, 3275, 3250, 3262, 3248. ಎರಡನೆಯದು: 3221, 3270, 3266, 3285, 3250, 3262, 3248.

ಬಿಡಿಸಿ ಹೇಳುತ್ತೇನೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿಯೇ ಯೂನಿಕೋಡ್. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಸಾಲು ಮೀಸಲಿದೆ. ಅದರಲ್ಲಿ 3221 ಅಂದರೆ ಕ. 3275 ಅಂದರೆ ಓ ಕಾರದ ಚಿಹ್ನೆ. ಕ, ಓ ಕಾರ, ಲ, ಆ ಕಾರ, ರ: ಐದು. ಎರಡನೆಯ ಕೋಲಾರದಲ್ಲಿ ಆ ಓ ಕಾರ ಒಂದೇ ಚಿಹ್ನೆಯಾಗಿ ಇಲ್ಲ, ಮೂರು ತುಂಡಾಗಿ ಇದೆ: ಎ ಕಾರ 3270, ಊ ಕಾರ 3266, ಕೊನೆಗೆ ದೀರ್ಘದ ಗುರುತು 3285. ನಾವು ಕೈಯಲ್ಲಿ ಬರೆಯುವಾಗ ಕೋ ಬರೆಯುವುದೂ ಹೆಚ್ಚುಕಡಿಮೆ ಹಾಗೇ ಅಲ್ವಾ, ಎತ್ವ ಹಾಕಿ, ಕೊಂಬು ಎಳೆದು, ದೀರ್ಘ ಕೊಟ್ಟು. ಪರದೆಯ ಮೇಲೆ ಎರಡೂ ಒಂದೇ ರೀತಿ ಮೂಡುತ್ತವೆ. ಈಕ್ವಲ್ಸ್ ನೋಡುವುದು ಪರದೆಯನ್ನಲ್ಲ, ಈ ಸಂಖ್ಯೆಗಳನ್ನು.

ಅದು ಎಲ್ಲಿಂದ ಬಂತು? ಮಂಡಿಯ ಹಳೆ ರೈತರ ಪಟ್ಟಿ ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿತ್ತು. ಆ ಫಾಂಟಿನಲ್ಲಿ ಕೋ ಅನ್ನುವುದನ್ನು ಹೀಗೇ ತುಂಡು ತುಂಡಾಗಿ ಜೋಡಿಸುತ್ತಿದ್ದರು. ಯಾರೋ ಅದನ್ನು ಒಂದು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿದ್ದರು, ಆ ಪರಿವರ್ತಕ ತುಂಡುಗಳನ್ನು ಬೆಸೆಯದೆ ಒಂದಕ್ಕೊಂದು ಬದಲಿಸಿ ಕೈತೊಳೆದುಕೊಂಡಿತ್ತು. ಹೊಸ ರೈತರ ಹೆಸರನ್ನು ಹುಡುಗ ಕೀಬೋರ್ಡಿನಲ್ಲಿ ನೇರ ಟೈಪ್ ಮಾಡುತ್ತಿದ್ದ. ಅವನದು 5, ಹಳೆಯದು 7.

ಪರಿಹಾರ ಒಂದೇ ಸಾಲು. ಜಾವಾದಲ್ಲಿ ನಾರ್ಮಲೈಸರ್ ಅಂತ ಒಂದು ಕ್ಲಾಸ್ ಇದೆ, ಜಾವಾ ಡಾಟ್ ಟೆಕ್ಸ್ಟ್ ಪ್ಯಾಕೇಜಿನಲ್ಲಿ. ಅದರ ನಾರ್ಮಲೈಸ್‌ಗೆ ನಿಮ್ಮ ಸ್ಟ್ರಿಂಗ್ ಕೊಟ್ಟು, ಎನ್‌ಎಫ್‌ಸಿ ರೂಪ ಬೇಕು ಅನ್ನಿ. ತುಂಡಾದ ಚಿಹ್ನೆಗಳನ್ನು ಬೆಸೆದು ಕೊಡುತ್ತದೆ, 7 ಇದ್ದದ್ದು 5 ಆಗುತ್ತದೆ. ಉತ್ತರವನ್ನು ಹಿಡಿದಿಟ್ಟುಕೊಳ್ಳುವುದು ಮರೆಯಬೇಡಿ, ಜೆರಾಕ್ಸ್ ಅಂಗಡಿ ನೆನಪಿರಲಿ. ಇದನ್ನು ಹೋಲಿಸುವ ಜಾಗದಲ್ಲಿ ಮಾಡಬೇಡಿ, ಡೇಟಾ ಒಳಗೆ ಬರುವ ಬಾಗಿಲಲ್ಲೇ ಮಾಡಿ. ಒಂದು ಸಲ ಒಳಗೆ ಬಿಟ್ಟುಕೊಂಡರೆ ಆಮೇಲೆ ಹತ್ತು ಕಡೆ ಹುಡುಕಬೇಕು.

ಹೀಗೆ ಬೆಸೆದ ಮೇಲೂ ಜಗಳ ಇದ್ದರೆ ಇನ್ನೂ ಮೂರು ಕಳ್ಳರು ಉಳಿದಿದ್ದಾರೆ. ಒಂದು, ವೆಬ್‌ ಪುಟದಿಂದ ಕಾಪಿ ಮಾಡಿದಾಗ ಬರುವ ನಾನ್ ಬ್ರೇಕಿಂಗ್ ಸ್ಪೇಸ್, ಸಂಖ್ಯೆ 160. ನೋಡಲು ಖಾಲಿ ಜಾಗವೇ. ಟ್ರಿಮ್ ತೆಗೆಯುವುದು 32 ಮತ್ತು ಅದಕ್ಕಿಂತ ಕೆಳಗಿನ ಸಂಖ್ಯೆಗಳನ್ನು ಮಾತ್ರ, ಇದನ್ನು ಮುಟ್ಟುವುದಿಲ್ಲ. 2018ರ ಜಾವಾ 11ರಲ್ಲಿ ಬಂದ ಸ್ಟ್ರಿಪ್ ಟ್ರಿಮ್‌ಗಿಂತ ಬುದ್ಧಿವಂತ, ಆದರೆ ಅದೂ ಇದನ್ನು ಬಿಟ್ಟುಬಿಡುತ್ತದೆ. ರಿಪ್ಲೇಸ್‌ನಿಂದಲೇ ತೆಗೆಯಬೇಕು. ಎರಡು, ಕೆಲವು ಫೈಲುಗಳ ಶುರುವಿನಲ್ಲಿ ಕೂತಿರುವ ಬಾಮ್ ಎಂಬ ಕಾಣದ ಗುರುತು. ಪಟ್ಟಿಯ ಮೊದಲ ಸಾಲು ಮಾತ್ರ ಹೊಂದುತ್ತಿಲ್ಲ ಅಂದರೆ ಅನುಮಾನ ಅದರ ಮೇಲೇ ಇರಲಿ. ಮೂರು, ನಮ್ಮ ಕನ್ನಡದ್ದೇ ವಿಶೇಷ: ಕೆಜಿಎಫ್‌ನಲ್ಲಿ ಅಂತ ಬರೆಯುವಾಗ ಫ್ ಕೆಳಗೆ ನ ಒತ್ತಾಗಿ ಹೋಗದಿರಲಿ ಅಂತ ನಡುವೆ ಹಾಕುವ, ಅಗಲವೇ ಇಲ್ಲದ ಗುರುತು. ಒಬ್ಬರು ಹಾಕುತ್ತಾರೆ, ಒಬ್ಬರು ಹಾಕುವುದಿಲ್ಲ.

ಪ್ರಶ್ನೆ: ಕಾಲೇಜಿನಲ್ಲಿ ಪ್ಯಾಲಿಂಡ್ರೋಮ್ (ಹಿಂದಿನಿಂದ ಓದಿದರೂ ಅದೇ ಬರುವ ಪದ) ಪ್ರೋಗ್ರಾಮ್ ಬರೆಸಿದರು. ಇಂಗ್ಲಿಷ್ ಪದಗಳಿಗೆ ಸರಿ ಇದೆ. "ವಿಕಟಕವಿ" ಕೊಟ್ಟರೆ ಅಲ್ಲ ಅನ್ನುತ್ತದೆ. ವಿಕಟಕವಿಯೇ ಪ್ಯಾಲಿಂಡ್ರೋಮ್ ಅಲ್ಲದಿದ್ದರೆ ಇನ್ನೇನು?
— ಪಾಲಿಟೆಕ್ನಿಕ್ ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಕೇಳಬೇಕಾದ ಪ್ರಶ್ನೆ. ಮೊದಲು "ಕೋಲಾರ" ಅನ್ನೇ ತಿರುಗಿಸಿ ನೋಡಿ. ಸ್ಟ್ರಿಂಗ್ ಬಿಲ್ಡರ್‌ನ ರಿವರ್ಸ್ ಕೊಟ್ಟರೆ ಬರುವುದು "ರಾಲೋಕ". ನಾವು ಬಾಯಲ್ಲಿ ತಿರುಗಿಸಿದರೆ "ರಲಾಕೋ". ಯಂತ್ರ ಐದು ತುಂಡುಗಳನ್ನು ಕೊನೆಯಿಂದ ಇಟ್ಟಿತು: ರ, ಆ ಕಾರ, ಲ, ಓ ಕಾರ, ಕ. ಲ ಮೇಲಿದ್ದ ಆ ಕಾರ ಹೋಗಿ ರ ಮೇಲೆ ಕೂತಿತು, ಕ ಮೇಲಿದ್ದ ಓ ಕಾರ ಲ ಮೇಲೆ. ಮದುವೆ ಮನೆಯಲ್ಲಿ ಚಪ್ಪಲಿ ಅದಲುಬದಲಾದ ಹಾಗೆ.

ವಿಕಟಕವಿ ನಮಗೆ ಐದು ಅಕ್ಷರ: ವಿ, ಕ, ಟ, ಕ, ವಿ. ಜಾವಾಕ್ಕೆ ಏಳು: ವ, ಇ ಕಾರ, ಕ, ಟ, ಕ, ವ, ಇ ಕಾರ. ಇದನ್ನು ತಿರುಗಿಸಿದರೆ ಮೊದಲು ಬರುವುದು ಬರೀ ಇ ಕಾರ, ಅದಕ್ಕೆ ಕೂರಲು ವ್ಯಂಜನವೇ ಇಲ್ಲ. ಎಲ್ಲಿಂದ ಹೊಂದಬೇಕು?

ಹಾಗಾಗಿ ತಿರುಗಿಸುವ ಮೊದಲು ಅಕ್ಷರಗಳಾಗಿ ಒಡೆಯಬೇಕು. ಜಾವಾ 9ರಿಂದ, ಮಾದರಿ ಕೊಟ್ಟು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ ದೊಡ್ಡ ಎಕ್ಸ್ ಬರೆದರೆ, ಒಂದು ವ್ಯಂಜನ ಮತ್ತು ಅದಕ್ಕೆ ಅಂಟಿದ ಸ್ವರಚಿಹ್ನೆ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಮ್ಯಾಚರ್‌ನ ಫೈಂಡ್‌ನಿಂದ ಒಂದೊಂದನ್ನೇ ತೆಗೆದು ಲಿಸ್ಟಿಗೆ ಹಾಕಿ, ಲಿಸ್ಟನ್ನು ತಿರುಗಿಸಿ, ಜಾಯಿನ್ ಮಾಡಿ. ವಿಕಟಕವಿ ವಿಕಟಕವಿಯಾಗೇ ಬರುತ್ತದೆ.

ಒತ್ತಕ್ಷರ ಬಂದರೆ ಮಾತ್ರ ಇದೂ ಎಡವಬಹುದು. "ಗುಬ್ಬಿ" ಒಡೆದಾಗ ಗು, ಬ್, ಬಿ ಅಂತ ಮೂರು ಆದರೆ ಆಶ್ಚರ್ಯ ಪಡಬೇಡಿ. ನಾನು ಒಂದು ಸಾಲು ಸೇರಿಸುತ್ತೇನೆ: ಹಿಂದಿನ ತುಂಡು ಅರ್ಧಾಕ್ಷರದ ಗುರುತಿನಿಂದ ಮುಗಿದರೆ ಮುಂದಿನದನ್ನು ಅದಕ್ಕೇ ಅಂಟಿಸು. ನಿಮ್ಮ ಮೇಷ್ಟ್ರಿಗೆ ಇದನ್ನು ತೋರಿಸಿ. ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸ್ ಜಾಸ್ತಿ ಕೊಡದಿದ್ದರೆ ನನಗೆ ಬರೆಯಿರಿ.

ಇದೇ ಕಾರಣಕ್ಕೆ ಸಬ್‌ಸ್ಟ್ರಿಂಗ್ 0ಯಿಂದ 1 ಅಂತ ಮೊದಲಕ್ಷರ ತೆಗೆಯುವವರು ತುಮಕೂರಿಗೆ "ತು" ಬದಲು "ತ" ಪಡೆಯುತ್ತಾರೆ. ತುಮಕೂರು ನಮಗೆ ನಾಲ್ಕು ಅಕ್ಷರ, ಜಾವಾಕ್ಕೆ 7. ಚಿಕ್ಕಬಳ್ಳಾಪುರ ನಮಗೆ ಆರು, ಜಾವಾಕ್ಕೆ 13. ಕನ್ನಡ ಎಸ್ಸೆಮ್ಮೆಸ್ ಒಂದಕ್ಕೆ 70 ಅಂತ ಮಿತಿ ಇರುತ್ತದಲ್ಲ, ಅಲ್ಲೂ ಲೆಕ್ಕ ಹೀಗೇ, ನಮ್ಮ ಅಕ್ಷರದ ಲೆಕ್ಕ ಅಲ್ಲ.

ಪ್ರಶ್ನೆ: ಸಬ್‌ಸ್ಟ್ರಿಂಗ್‌ನಲ್ಲಿ ಎರಡನೇ ಸಂಖ್ಯೆ ಯಾಕೆ ಯಾವಾಗಲೂ ಒಂದು ಜಾಸ್ತಿ ಕೊಡಬೇಕು?
— ಕೊರಟಗೆರೆ

ಉತ್ತರ: ಗಾಡಿ ನಂಬರ್ ನೋಡಿ. ತುಮಕೂರಿನದು ಕೆಎ 06, ಕೋಲಾರದ್ದು 07, ಚಿಕ್ಕಬಳ್ಳಾಪುರದ್ದು 40. ಇಂಗ್ಲಿಷಿನಲ್ಲಿ ಜಾಗ ಬಿಡದೆ ಬರೆದರೆ ಕೆ ಸ್ಥಾನ 0, ಎ ಸ್ಥಾನ 1, ಆಮೇಲಿನ ಎರಡು ಅಂಕಿ ಸ್ಥಾನ 2 ಮತ್ತು 3. ಅಂಕಿ ಬೇಕಿದ್ದರೆ ಸಬ್‌ಸ್ಟ್ರಿಂಗ್(2, 4). ಸ್ಥಾನ 4 ಸೇರುವುದಿಲ್ಲ, ಅದರ ಬಾಗಿಲಿಗೆ ಬಂದು ನಿಲ್ಲುತ್ತದೆ. ಲಾಭ ಏನೆಂದರೆ 4ರಲ್ಲಿ 2 ಕಳೆದರೆ ಎಷ್ಟು ಅಕ್ಷರ ಸಿಗುತ್ತದೆ ಅಂತ ನೇರ ಗೊತ್ತಾಗುತ್ತದೆ. ಸ್ಟ್ರಿಂಗ್‌ಗಿಂತ ಆಚೆಯ ಸ್ಥಾನ ಕೇಳಿದರೆ ಎಕ್ಸೆಪ್ಶನ್ ಬರುತ್ತದೆ, ಹಾಗಾಗಿ ಮೊದಲು ಉದ್ದ ನೋಡಿ.

ಸಿಕ್ಕ "06" ಅನ್ನು ಸಂಖ್ಯೆ ಮಾಡಬೇಡಿ. ಪಾರ್ಸ್ ಇಂಟ್ ಕೊಟ್ಟರೆ 6 ಆಗಿ ಸೊನ್ನೆ ಹೋಗುತ್ತದೆ. ಅಂಕಿಯಲ್ಲಿ ಇರುವುದೆಲ್ಲ ಸಂಖ್ಯೆ ಅಲ್ಲ. ಪಿನ್ ಕೋಡ್ ಕೂಡ ಅಷ್ಟೇ. ತುಮಕೂರಿನ 572101 ಅನ್ನು ಯಾರೂ ಇನ್ನೊಂದು ಊರಿನ ಪಿನ್ ಜತೆ ಕೂಡುವುದಿಲ್ಲ. ಅದರ ಮೊದಲ ಅಂಕಿ ತೆಗೆಯಲು ಚಾರ್ ಅಟ್ 0 ಕೊಟ್ಟು 1 ಕೂಡಿಸಿ, 6 ಬರುತ್ತದೆ ಅಂತ ಕಾದವರಿಗೆ 54 ಬರುತ್ತದೆ. '5' ಅನ್ನುವ ಅಕ್ಷರದ ಸಂಖ್ಯೆ 53, ಅದಕ್ಕೆ.

ಪ್ರಶ್ನೆ: ಗೂಡಿನ ಲಾಟು, ತೂಕ, ದರ ಮೂರನ್ನೂ ಒಂದೇ ಸಾಲಿನಲ್ಲಿ ಉದ್ದ ಗೆರೆ (|) ಹಾಕಿ ಬೇರೆ ಮಾಡಿಟ್ಟಿದ್ದೇನೆ. ಸ್ಪ್ಲಿಟ್ ಕೊಟ್ಟರೆ ಒಂದೊಂದು ಅಕ್ಷರವೂ ಬೇರೆ ಬೇರೆ ಆಗಿ ಚೆಲ್ಲಾಪಿಲ್ಲಿ.
— ಶಿಡ್ಲಘಟ್ಟ

ಉತ್ತರ: ರೇಷ್ಮೆ ಗೂಡಿನ ಊರಿನವರಿಗೆ ಎಳೆ ಬಿಡಿಸುವುದು ಹೇಳಿಕೊಡಬೇಕಾ! ಸ್ಪ್ಲಿಟ್ ನೀವು ಕೊಟ್ಟದ್ದನ್ನು ಸುಮ್ನೆ ಗುರುತು ಅಂತ ತಿಳಿಯುವುದಿಲ್ಲ, ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತ ಓದುತ್ತದೆ. ಅಲ್ಲಿ ಉದ್ದ ಗೆರೆಗೆ "ಇದು ಅಥವಾ ಅದು" ಅಂತ ಅರ್ಥ. ಎರಡೂ ಪಕ್ಕ ಏನೂ ಇಲ್ಲದ್ದರಿಂದ "ಖಾಲಿ ಅಥವಾ ಖಾಲಿ" ಆಯಿತು, ಖಾಲಿ ಎಲ್ಲ ಅಕ್ಷರಗಳ ನಡುವೆಯೂ ಇದೆ. ಗೆರೆಯ ಹಿಂದೆ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ. ಚುಕ್ಕೆಗೂ ಅದೇ ಮದ್ದು. ಚುಕ್ಕೆಯನ್ನು ಹಾಗೇ ಕೊಟ್ಟರೆ ಒಂದೂ ತುಂಡು ಸಿಗುವುದಿಲ್ಲ, ಅರೇ ಪೂರ್ತಿ ಖಾಲಿ.

ದರ ಇನ್ನೂ ಬಾರದ ಲಾಟಿನಲ್ಲಿ ಕೊನೆಯ ಜಾಗ ಖಾಲಿ ಇರುತ್ತದಲ್ಲ, ಆಗ ಮೂರರ ಬದಲು ಎರಡೇ ತುಂಡು ಬರುತ್ತವೆ. ಕೊನೆಯ ಖಾಲಿಗಳನ್ನು ಸ್ಪ್ಲಿಟ್ ತಾನಾಗೇ ಬಿಸಾಡುತ್ತದೆ. ಎರಡನೇ ಮೌಲ್ಯವಾಗಿ -1 ಕೊಡಿ, ಬಿಸಾಡುವುದಿಲ್ಲ.

ಪ್ರಶ್ನೆ: ಹಳೆ ವಿಳಾಸಗಳಲ್ಲಿ ನಮ್ಮ ಜಿಲ್ಲೆ ಇನ್ನೂ ಕೋಲಾರ ಅಂತಲೇ ಇದೆ. ರಿಪ್ಲೇಸ್ ಕೊಟ್ಟು ಎಲ್ಲವನ್ನೂ ಚಿಕ್ಕಬಳ್ಳಾಪುರ ಮಾಡಿದೆ. ಈಗ ಚಿಂತಾಮಣಿಯ ಕೋಲಾರ ರಸ್ತೆ ಚಿಕ್ಕಬಳ್ಳಾಪುರ ರಸ್ತೆ ಆಗಿಬಿಟ್ಟಿದೆ.
— ಸಹಕಾರ ಸಂಘವೊಂದರ ಕಂಪ್ಯೂಟರ್ ಕೆಲಸದವರು, ಚಿಕ್ಕಬಳ್ಳಾಪುರ

ಉತ್ತರ: 2007ರಲ್ಲಿ ಸರ್ಕಾರ ಜಿಲ್ಲೆ ಬೇರೆ ಮಾಡಿತು, ನೀವು ರಸ್ತೆಯನ್ನೂ ಬೇರೆ ಮಾಡಿದಿರಿ. ರಿಪ್ಲೇಸ್ ಸಿಕ್ಕಿದ ಕಡೆಯಲ್ಲೆಲ್ಲ ಬದಲಿಸುತ್ತದೆ. ರಿಪ್ಲೇಸ್ ಆಲ್ ಅಂತ ಇನ್ನೊಂದು ಇದೆಯಲ್ಲ, ಹಾಗಾದರೆ ಇದು ಒಂದನ್ನು ಮಾತ್ರ ಬದಲಿಸುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹೆಸರು ಇಟ್ಟವರು ಮಾಡಿದ ಗೊಂದಲ ಇದು. ಎರಡೂ ಎಲ್ಲವನ್ನೂ ಬದಲಿಸುತ್ತವೆ, ಆಲ್ ಇರುವುದು ರೆಗ್ಯುಲರ್ ಎಕ್ಸ್‌ಪ್ರೆಶನ್ ಓದುತ್ತದೆ ಅಷ್ಟೇ.

ವಿಳಾಸವನ್ನು ಅಲ್ಪವಿರಾಮದಲ್ಲಿ ಒಡೆಯಿರಿ. ಜಿಲ್ಲೆಯ ತುಂಡನ್ನು ಮಾತ್ರ ನೋಡಿ. ತಾಲ್ಲೂಕಿನ ತುಂಡು ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು, ಚಿಕ್ಕಬಳ್ಳಾಪುರ ಇವುಗಳಲ್ಲಿ ಒಂದಾಗಿದ್ದರೆ ಮಾತ್ರ ಬದಲಿಸಿ. ಇಲ್ಲದಿದ್ದರೆ ಮಾಲೂರಿನವರೂ ನಿಮ್ಮ ಜಿಲ್ಲೆಗೆ ಬಂದುಬಿಡುತ್ತಾರೆ.

ಹುಡುಕುವುದರ ಬಗ್ಗೆಯೂ ಒಂದು ಮಾತು, ಇದು ಯಾವ ಪಠ್ಯದಲ್ಲೂ ನನಗೆ ಸಿಕ್ಕಿಲ್ಲ, ಪೆಟ್ಟು ತಿಂದು ಕಲಿತದ್ದು. "ತುಮಕೂರಿಗೆ ಹೋಗುವ ಬಸ್" ಅನ್ನುವ ಸಾಲಿನಲ್ಲಿ ಇಂಡೆಕ್ಸ್ ಆಫ್ ಕೊಟ್ಟು "ತುಮಕೂರು" ಹುಡುಕಿ. -1 ಬರುತ್ತದೆ, ಅಂದರೆ ಇಲ್ಲ. ನಿಜವೇ, ಅಲ್ಲಿರುವುದು ರಿ, ರು ಅಲ್ಲ. ನಮ್ಮ ಊರುಗಳ ಹೆಸರಿಗೆ ವಿಭಕ್ತಿ ಸೇರಿದರೆ ಬಾಲ ಬದಲಾಗುತ್ತದೆ. ಕೊನೆಯ ಉ ಕಾರ ತೆಗೆದು "ತುಮಕೂರ" ಅಂತ ಹುಡುಕಿ ನೋಡಿ. ತುಮಕೂರು, ತುಮಕೂರಿಗೆ, ತುಮಕೂರಿನ, ತುಮಕೂರಲ್ಲಿ ಎಲ್ಲವೂ ಸಿಗುತ್ತವೆ, ಯಾಕೆಂದರೆ ಜಾವಾಕ್ಕೆ ರು ಅಂದರೆ ರ ಮತ್ತು ಉ ಕಾರ. ವಿಕಟಕವಿಯನ್ನು ಕೆಡಿಸಿದ ಗುಣವೇ ಇಲ್ಲಿ ಕೆಲಸಕ್ಕೆ ಬಂತು.

ಪ್ರಶ್ನೆ: ಲೂಪಿನಲ್ಲಿ ಪ್ಲಸ್ ಹಾಕಿ 10,000 ಸಾಲಿನ ವರದಿ ಕಟ್ಟುತ್ತೇನೆ. ಸಾಲು ಜಾಸ್ತಿ ಆದ ಹಾಗೆ ಪ್ರೋಗ್ರಾಮ್ ಎತ್ತಿನಗಾಡಿ ಆಗುತ್ತದೆ.
— ಶಿರಾ

ಉತ್ತರ: ಮೊದಲ ಉತ್ತರಕ್ಕೇ ವಾಪಸ್ ಬಂದೆವು. ಸ್ಟ್ರಿಂಗ್ ಬದಲಾಗುವುದಿಲ್ಲ. ಹಾಗಾಗಿ ಪ್ರತಿ ಸಲ ಪ್ಲಸ್ ಹಾಕಿದಾಗ ಇಲ್ಲಿಯವರೆಗಿನ ವರದಿ ಪೂರ್ತಿ ನಕಲಾಗಿ, ಕೊನೆಗೆ ಹೊಸ ಸಾಲು ಸೇರುತ್ತದೆ. ಸಾಲಿಗೆ 20 ಅಕ್ಷರ ಅಂತ ಇಟ್ಟುಕೊಂಡರೆ ಕೊನೆಯ ವರದಿ 2 ಲಕ್ಷ ಅಕ್ಷರ. ಆದರೆ ದಾರಿಯಲ್ಲಿ ನಕಲಾದ ಅಕ್ಷರಗಳನ್ನು ಕೂಡಿದರೆ 100 ಕೋಟಿ ದಾಟುತ್ತದೆ. ಒಂದು ಸಾಲು ಬರೆಯಲು ಇಡೀ ನೋಟ್‌ಬುಕ್ ಮತ್ತೆ ಬರೆದ ಹಾಗೆ.

ಸ್ಟ್ರಿಂಗ್ ಬಿಲ್ಡರ್ ಬಳಸಿ. ಅದು ಬದಲಾಗುತ್ತದೆ, ಅದಕ್ಕೇ ಇರುವುದು. ಅಪೆಂಡ್ ಮಾಡುತ್ತಾ ಹೋಗಿ, ಕೊನೆಯಲ್ಲಿ ಒಂದು ಸಲ ಟು ಸ್ಟ್ರಿಂಗ್. 2004ರ ಜಾವಾ 5ರಲ್ಲಿ ಬಂತು. ಅದಕ್ಕೂ ಹಳೆಯದು ಸ್ಟ್ರಿಂಗ್ ಬಫರ್, ಹಲವು ಥ್ರೆಡ್ಡುಗಳು (ಏಕಕಾಲಕ್ಕೆ ಓಡುವ ಕೆಲಸಗಳು) ಒಟ್ಟಿಗೆ ಮುಟ್ಟುವಾಗ ಬೇಕಾದ ಬೀಗ ಅದರಲ್ಲಿದೆ, ನಿಮ್ಮ ವರದಿಗೆ ಬೇಕಿಲ್ಲ. ಎರಡೋ ಮೂರೋ ತುಂಡು ಸೇರಿಸುವುದಿದ್ದರೆ ಪ್ಲಸ್ಸೇ ಸಾಕು, ಭಯ ಬೇಡ. ಲೂಪಿನಲ್ಲಿ ಮಾತ್ರ ಬೇಡ.

ಪ್ಲಸ್ ವಿಷಯ ಬಂತು ಅಂತ: 1 + 2 + "3" ಕೊಟ್ಟರೆ 33 ಬರುತ್ತದೆ, "1" + 2 + 3 ಕೊಟ್ಟರೆ 123. ಎಡದಿಂದ ಓದುತ್ತಾ ಹೋಗಿ, ಸ್ಟ್ರಿಂಗ್ ಸಿಕ್ಕಿದ ಕ್ಷಣದಿಂದ ಕೂಡುವುದು ನಿಂತು ಅಂಟಿಸುವುದು ಶುರು.

ಪ್ರಶ್ನೆ: ಸ್ಟ್ರಿಂಗ್ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿ "ಕನ್ನಡ ಸ್ಟ್ರಿಂಗ್" ಅಂತ ನನ್ನದೇ ಕ್ಲಾಸ್ ಮಾಡಬಹುದಾ?
— ಮುಳಬಾಗಿಲು

ಉತ್ತರ: ಆಗುವುದಿಲ್ಲ, ಅದು ಫೈನಲ್ ಕ್ಲಾಸ್. ಬದಲಾಗದ ಸ್ಟ್ರಿಂಗ್ ಅಂತ ನಂಬಿ ಎಲ್ಲರೂ ಕೋಡ್ ಬರೆದಿರುವಾಗ, ಮಗ ಬಂದು ಮನೆತನದ ನಿಯಮ ಮುರಿಯಬಾರದು ಅಂತ. ಆದರೆ ಒಳಗೆ ಒಂದು ಸ್ಟ್ರಿಂಗ್ ಇಟ್ಟುಕೊಂಡ ನಿಮ್ಮದೇ ಕ್ಲಾಸ್ ಮಾಡಿ. ಕನ್‌ಸ್ಟ್ರಕ್ಟರ್‌ನಲ್ಲೇ ನಾರ್ಮಲೈಸ್ ಮಾಡಿಬಿಡಿ, ಅಕ್ಷರ ಎಣಿಸುವ, ತಿರುಗಿಸುವ ವಿಧಾನಗಳನ್ನು ಅದರಲ್ಲಿ ಬರೆಯಿರಿ. ಕೀಲಿಯಾಗಿ ಬಳಸುವುದಿದ್ದರೆ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಎರಡನ್ನೂ ಬರೆಯಬೇಕು, ಒಂದನ್ನು ಮಾತ್ರ ಬರೆದರೆ ಕೋಲಾರ ಮತ್ತೆ ಎರಡಾಗುತ್ತದೆ.

ಪ್ರಶ್ನೆ: ವೇರಿಯೇಬಲ್ ಹೆಸರು ಕನ್ನಡದಲ್ಲಿ ಇಡಬಹುದಾ? ಗೆಳೆಯರು ನಗುತ್ತಾರೆ.
— ಪಿಯುಸಿ, ಪಾವಗಡ

ಉತ್ತರ: ಧಾರಾಳವಾಗಿ. ಇಂಟ್, ಇಫ್, ಕ್ಲಾಸ್ ಅಂಥ ಪದಗಳು ಇಂಗ್ಲಿಷಿನಲ್ಲೇ ಇರಬೇಕು, ಆದರೆ ವಯಸ್ಸು, ಹೆಸರು, ಊರು ಅಂತ ಕನ್ನಡ ಲಿಪಿಯಲ್ಲೇ ವೇರಿಯೇಬಲ್ ಇಟ್ಟರೆ ಜಾವಾ ತಕರಾರು ಮಾಡುವುದಿಲ್ಲ. ಕಂಪನಿಯಲ್ಲಿ ಬೇರೆ ಭಾಷೆಯವರ ಜತೆ ಕೆಲಸ ಮಾಡುವಾಗ ಬೇಡ, ಕಲಿಯುವಾಗ ಖಂಡಿತ ಮಾಡಿ.

ನಗುವ ಗೆಳೆಯರಿಗೆ ಇನ್ನೊಂದು ತೋರಿಸಿ. ಪಾರ್ಸ್ ಇಂಟ್‌ಗೆ "1,250" ಅಂತ ಅಲ್ಪವಿರಾಮ ಹಾಕಿ ಕೊಟ್ಟರೆ ಎಕ್ಸೆಪ್ಶನ್ ಎಸೆಯುತ್ತದೆ. ಹಿಂದೆ ಒಂದು ಖಾಲಿ ಜಾಗ ಇದ್ದರೂ ಎಸೆಯುತ್ತದೆ. ಅಷ್ಟು ಕಟ್ಟುನಿಟ್ಟು. ಈಗ ಅದಕ್ಕೆ "೧೨" ಅಂತ ಕನ್ನಡ ಅಂಕಿ ಕೊಡಿ. ಗೆಳೆಯರು ಕಾಯುತ್ತಿರಲಿ. ಏನೂ ಕಿರಿಕ್ ಇಲ್ಲದೆ 12 ಬರುತ್ತದೆ.